ಬಂಡೆಗೆ ಅಂಟಿದ ಕಪ್ಪೆಚಿಪ್ಪಿನ ಬಂಧುಗಳು ಯಾರು?

ಶಾಲೆಯ ಗೋಡೆಗೆ ತೂಗುಹಾಕಿದ ಭೂಪಟದಲ್ಲಿ ದಕ್ಷಿಣ ಅಮೆರಿಕದ ಪೂರ್ವದಂಚನ್ನೂ ಆಫ್ರಿಕದ ಪಶ್ಚಿಮದಂಚನ್ನೂ ಬೆರಳಿನಲ್ಲಿ ಸವರುತ್ತ, ಇವೆರಡೂ ಒಂದಕ್ಕೊಂದು ಸರಿಯಾಗಿ ಕೂಡುತ್ತವಲ್ಲ ಎಂದು ಬೆರಗಾಗದವರು ಕಡಿಮೆ. ಒಂದು ಕಾಲಕ್ಕೆ ಆ ಎರಡು ಖಂಡಗಳೂ ನಮ್ಮ ಭಾರತವೂ ಗೊಂಡ್ವಾನ ಎಂಬ ಒಂದೇ ಮಹಾಖಂಡದ ಭಾಗಗಳಾಗಿದ್ದವು ಎಂಬ ಮಾತು ಹೈಸ್ಕೂಲಿನಲ್ಲೇ ನಮ್ಮ ಕಿವಿಗೆ ಬಿದ್ದಿರುತ್ತದೆ. ಸುಮಾರು 10 ಕೋಟಿ ವರ್ಷಗಳ ಹಿಂದಿನ ಹೊತ್ತಿಗೆ ದಕ್ಷಿಣ ಅಮೆರಿಕವೂ ಆಫ್ರಿಕವೂ ಬೇರ್ಪಟ್ಟಿದ್ದವು. ಭಾರತದ ತುಂಡು ಉತ್ತರಕ್ಕೆ ತೇಲಿಬಂದು ಏಷ್ಯಾಕ್ಕೆ ತಾಗಿತು.

ಈಗ ಒಂದು ಒಗಟು. ಕೊಲಂಬಿಯಾ ದೇಶದ ಮ್ಯಾಗ್ಡಲೀನಾ ನದಿಯಲ್ಲಿ ಬಂಡೆಗೆ ಅಂಟಿಕೊಂಡು ಬದುಕುವ ಒಂದು ಕಪ್ಪೆಚಿಪ್ಪಿದೆ. ಆಫ್ರಿಕದ ನೈಲ್, ನೈಜರ್, ಕಾಂಗೋ ನದಿಗಳಲ್ಲೂ ಬಂಡೆಗೆ ಅಂಟುವ ಇಂಥದ್ದೇ ಒಂದಿದೆ. ಮೂರನೆಯದು ನಮ್ಮ ಮಲೆನಾಡಿನ ತುಂಗೆ ಭದ್ರೆಯರಲ್ಲಿದೆ. ಮೂರೂ ಸಿಹಿನೀರಿನ ಜೀವಿಗಳು. ಉಪ್ಪುನೀರು ತಾಗಿದರೆ ಬದುಕಲಾರವು, ಹಾಗಾಗಿ ಸಮುದ್ರ ದಾಟಿ ಬಂದಿರುವುದು ಸಾಧ್ಯವಿಲ್ಲ. ಹಾಗಿದ್ದರೆ ಮೂರು ದಿಕ್ಕಿಗೆ ಇವು ಹರಡಿದ್ದು ಹೇಗೆ?

ಗೊಂಡ್ವಾನದ ಕಥೆ ಗೊತ್ತಿರುವ ಯಾರೇ ಆದರೂ ತಕ್ಷಣ ಉತ್ತರ ಹೇಳುತ್ತಾರೆ: ಮೂರರ ಪೂರ್ವಜ ಒಂದೇ, ಭೂಖಂಡ ಒಡೆದಾಗ ಅದರ ಸಂತತಿಯೂ ಹಂಚಿಹೋಯಿತು. ಚೆಂದದ ಉತ್ತರ. ಪ್ರಾಣಿಶಾಸ್ತ್ರದ ಪುಸ್ತಕಗಳೂ ಇಪ್ಪತ್ತನೆಯ ಶತಮಾನದ ಉದ್ದಕ್ಕೂ ಈ ಮೂರನ್ನು ಒಂದೇ ಕುಟುಂಬದಲ್ಲಿ ಕೂರಿಸಿದ್ದವು. ಆದರೆ ನಮ್ಮ ನದಿಯ ಚಿಪ್ಪಿನ ಮಟ್ಟಿಗೆ ಆ ಉತ್ತರ ತಪ್ಪು. ಅದು ಯಾಕೆ ತಪ್ಪು, ಮತ್ತು ಆ ತಪ್ಪನ್ನು ತಿದ್ದಿಕೊಳ್ಳುವುದು ತುಂಗೆ ಭದ್ರೆಯರ ಬದುಕಿಗೆ ಯಾಕೆ ಮುಖ್ಯ ಎಂಬುದೇ ಈ ಅಧ್ಯಾಯದ ವಿಷಯ.

ಕೆಸರಿನ ಚಿಪ್ಪು, ಬಂಡೆಯ ಚಿಪ್ಪು

ನಮಗೆ ಪರಿಚಯವಿರುವುದು ಕೆಸರಿನ ಕಪ್ಪೆಚಿಪ್ಪು. ಬೇಸಿಗೆಯಲ್ಲಿ ಕೆರೆ ಇಳಿದಾಗ ಅಂಗಳದ ಕೆಸರಿನಲ್ಲಿ ಅರ್ಧ ಹೂತ, ಅಂಗೈಯಗಲದ, ಕಂದುಗಪ್ಪು ಚಿಪ್ಪುಗಳು ಕಾಣುತ್ತವೆ. ಲ್ಯಾಮೆಲಿಡೆನ್ಸ್ ಮಾರ್ಜಿನಾಲಿಸ್ ಎಂಬ ಪ್ರಭೇದ ಇವುಗಳಲ್ಲಿ ಬಹಳ ಸಾಮಾನ್ಯ. ನಾಲಿಗೆಯಂಥ ಒಂದೇ ಕಾಲನ್ನು ಕೆಸರಿಗಿಳಿಸಿ, ನೂಕಿ ನೂಕಿ ಅದು ನಿಧಾನಕ್ಕೆ ಮುಂದೆ ಸರಿಯುತ್ತದೆ. ಹಿಂಭಾಗದ ಒಂದು ತೂತಿನಿಂದ ನೀರು ಒಳಗೆಳೆದುಕೊಂಡು, ಅದರಲ್ಲಿನ ಪಾಚಿಯ ಕಣಗಳನ್ನು ಕಿವಿರಿನಲ್ಲಿ ಸೋಸಿ ತಿಂದು, ತಿಳಿಯಾದ ನೀರನ್ನು ಇನ್ನೊಂದು ತೂತಿನಿಂದ ಹೊರಬಿಡುತ್ತದೆ. ಬೆಳೆದ ಒಂದು ಕಪ್ಪೆಚಿಪ್ಪು ದಿನಕ್ಕೆ ಹತ್ತಾರು ಲೀಟರು ನೀರು ಸೋಸಬಲ್ಲದು. ಕೂಲಿಯಿಲ್ಲದೆ, ಕರೆಂಟಿಲ್ಲದೆ ನಡೆಯುವ ಈ ಕೆಲಸಕ್ಕೆ ನಾವು ಬೆಲೆ ಕಟ್ಟಿಲ್ಲ.

ಖಾಲಿ ಚಿಪ್ಪೊಂದು ಸಿಕ್ಕರೆ ತೆರೆದು ಒಳಗೆ ನೋಡಿ. ಮುತ್ತಿನ ಹೊಳಪಿನ ನಡುವೆ ಎರಡು ತುದಿಗಳಲ್ಲಿ ಎರಡು ಮಸುಕಾದ ಗುರುತುಗಳಿರುತ್ತವೆ. ಎರಡು ಹೋಳುಗಳನ್ನು ಬಿಗಿಹಿಡಿದು ಮುಚ್ಚುವ ಸ್ನಾಯುಗಳು ನೆಟ್ಟಿದ್ದ ಜಾಗ ಅವು.

ಬಂಡೆಯ ಚಿಪ್ಪಿನ ರೀತಿಯೇ ಬೇರೆ. ಮಳೆಗಾಲದಲ್ಲಿ ನೀರು ಭೋರ್ಗರೆಯುವ ಕಲ್ಲುಹಾಸಿನ ಜಾಗಗಳಲ್ಲಿ ಅದರ ವಾಸ. ಮರಿಯಾಗಿದ್ದಾಗ ಅದೂ ಮಾಮೂಲಿ ಕಪ್ಪೆಚಿಪ್ಪಿನಂತೆ ಸಮರೂಪದ ಪುಟ್ಟ ಚಿಪ್ಪು ಹೊತ್ತಿರುತ್ತದೆ. ಒಮ್ಮೆ ಬಂಡೆಗೆ ಅಂಟಿತೋ, ಅಲ್ಲಿಂದ ಮುಂದೆ ಅಡಿಯ ಹೋಳು ಬಂಡೆಯ ಉಬ್ಬುತಗ್ಗನ್ನೇ ಅನುಸರಿಸಿ ಬೆಳೆಯುತ್ತದೆ. ಒಂದರಂತೆ ಇನ್ನೊಂದಿರುವುದಿಲ್ಲ. ನಮ್ಮ ನದಿಯದನ್ನೂ ಮ್ಯಾಗ್ಡಲೀನಾದ್ದನ್ನೂ ಬೆಳೆದ ಮೇಲೆ ತೆರೆದು ನೋಡಿದರೆ ಎರಡು ಸ್ನಾಯುಗಳ ಬದಲು ಒಂದೇ ಇರುತ್ತದೆ, ಮುಂದಿನದು ಅಳಿದುಹೋಗಿರುತ್ತದೆ.

ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂನಲ್ಲಿದ್ದ ಎಡ್ಗರ್ ಆಲ್ಬರ್ಟ್ ಸ್ಮಿತ್, ಮೈಸೂರು ಸಂಸ್ಥಾನದಿಂದ ಬಂದ ಈ ಚಿಪ್ಪನ್ನು 1898ರಲ್ಲಿ ವಿಜ್ಞಾನಲೋಕಕ್ಕೆ ಪರಿಚಯಿಸಿದರು. ಅವರು ಅದನ್ನು ಸೇರಿಸಿದ್ದು ಮ್ಯಾಗ್ಡಲೀನಾ ನದಿಯ ಚಿಪ್ಪಿಗೆ ಆಗ ಇದ್ದ ಮುಲ್ಲೇರಿಯಾ ಎಂಬ ಕುಲಕ್ಕೆ. ಹೆಸರು ಮುಲ್ಲೇರಿಯಾ ಡಾಲಿಯೈ ಎಂದಾಯಿತು. 1907ರಲ್ಲಿ ಫ್ರಾನ್ಸಿನ ಆಂಟನಿ, ಇದು ಹೋಲುತ್ತದೆ ನಿಜ, ಆದರೂ ಪ್ರತ್ಯೇಕ ಎಂದು ಸ್ಯೂಡೊಮುಲ್ಲೇರಿಯಾ ಎಂಬ ಹೊಸ ಕುಲವನ್ನು ಹುಟ್ಟುಹಾಕಿದರು. ಕುಲ ಬೇರೆಯಾದರೂ ಕುಟುಂಬ ಬದಲಾಗಲಿಲ್ಲ. ಮ್ಯಾಗ್ಡಲೀನಾದ ಅಕೋಸ್ಟೇಯಾ (ಹಳೆಯ ಮುಲ್ಲೇರಿಯಾಕ್ಕೆ ಈಗ ಇದೇ ಹೆಸರು), ಆಫ್ರಿಕದ ಎಥೀರಿಯಾ, ಮಲೆನಾಡಿನ ಸ್ಯೂಡೊಮುಲ್ಲೇರಿಯಾ ಮೂರೂ ಎಥೀರಿಡೇ ಎಂಬ ಒಂದೇ ಸೂರಿನಡಿ ಉಳಿದವು. ಸ್ಮಿತ್ ಅವಸರ ಮಾಡಿದರು ಎನ್ನಲಾಗದು. ಆಕಾರ, ಅಂಟು, ಅಳಿದ ಸ್ನಾಯು, ಮೂರೂ ಅವರ ಕಡೆಗೇ ಸಾಕ್ಷಿ ಹೇಳುತ್ತಿದ್ದವು.

ಅಂಗೈಯ ಜಡ್ಡು

ಕಲ್ಲು ಒಡೆಯುವ ಇಬ್ಬರು ಅಪರಿಚಿತರ ಕೈ ಹಿಡಿದು ನೋಡಿ. ಇಬ್ಬರ ಅಂಗೈಯೂ ಒಂದೇ ಜಾಗದಲ್ಲಿ ಜಡ್ಡುಗಟ್ಟಿರುತ್ತದೆ. ಅದನ್ನು ನೋಡಿ ಅವರ ಕಸುಬು ಹೇಳಬಹುದು. ಇಬ್ಬರೂ ಅಣ್ಣತಮ್ಮಂದಿರು ಎಂದರೆ ಮಾತ್ರ ಎಡವಟ್ಟಾದೀತು. ಜಡ್ಡು ಕಸುಬಿನ ಗುರುತು. ಮನೆತನದ ಗುರುತು ಬೇಕಿದ್ದರೆ ಬೇರೆ ಕಡೆ ಹುಡುಕಬೇಕು.

ಜೀವಿಗಳ ವರ್ಗೀಕರಣದ ಕಷ್ಟವೆಲ್ಲ ಈ ಎರಡು ಬಗೆಯ ಗುರುತುಗಳನ್ನು ಬೇರ್ಪಡಿಸುವುದರಲ್ಲಿದೆ. ಬದುಕಿನ ರೀತಿ ಮೂಡಿಸಿದ ಗುರುತನ್ನು ಇಲ್ಲಿ ಕಸುಬಿನ ಗುರುತು ಎನ್ನೋಣ, ಪೂರ್ವಜರಿಂದ ಇಳಿದುಬಂದದ್ದನ್ನು ಮನೆತನದ ಗುರುತು ಎನ್ನೋಣ. ಸಿಹಿನೀರಿನ ಕಪ್ಪೆಚಿಪ್ಪಿನಲ್ಲಿ ಈ ಕೆಲಸ ಇನ್ನೂ ಕಷ್ಟ, ಏಕೆಂದರೆ ಮ್ಯೂಸಿಯಂ ಪೆಟ್ಟಿಗೆಗಳಲ್ಲಿ ಸುಲಭವಾಗಿ ಉಳಿಯುವ ಭಾಗ ಚಿಪ್ಪು ಮಾತ್ರ, ಆ ಚಿಪ್ಪು ತುಂಬ ಇರುವುದು ಬಹುಮಟ್ಟಿಗೆ ಕಸುಬಿನ ಗುರುತು. ಒಳಗಿನ ಮೆತ್ತನೆಯ ಮೈ ಕೊಳೆತುಹೋಗುತ್ತದೆ. ಮನೆತನದ ಗುರುತುಗಳು ಹೆಚ್ಚಾಗಿ ಅದರಲ್ಲೇ ಇದ್ದವು.

ನದಿ ತಿದ್ದುವ ಚಿಪ್ಪು

ಪಿಟ್ಸ್‌ಬರ್ಗಿನ ಕಾರ್ನೆಗಿ ಮ್ಯೂಸಿಯಂನಲ್ಲಿದ್ದ ಆರ್ನಾಲ್ಡ್ ಆರ್ಟ್‌ಮನ್ 1920ರಲ್ಲಿ ಒಂದು ಸರಳವಾದ, ಆದರೆ ಬಹಳ ದೂರ ಹೋಗುವ ಸಂಗತಿಯನ್ನು ಬರೆದಿಟ್ಟರು. ಅಮೆರಿಕದ ನದಿಗಳಲ್ಲಿ ಕೆಲವು ಕಪ್ಪೆಚಿಪ್ಪುಗಳನ್ನು ಅವರು ಹುಟ್ಟುಹಳ್ಳದಿಂದ ಹಿಡಿದು ದೊಡ್ಡ ನದಿಯವರೆಗೆ ಹಂತಹಂತವಾಗಿ ಹೋಲಿಸಿದ್ದರು. ಮೇಲಿನ ಕಿರಿದಾದ ಹೊಳೆಯಲ್ಲಿ ಚಿಪ್ಪು ಚಪ್ಪಟೆ. ಕೆಳಗಿಳಿದಂತೆ ಅದೇ ಬಗೆಯ ಚಿಪ್ಪು ಉಬ್ಬುತ್ತ ಹೋಗುತ್ತದೆ. ಕೆಲವು ಗುಂಪುಗಳಲ್ಲಿ ಮೇಲೆ ನುಣುಪಾಗಿದ್ದದ್ದು ಕೆಳಗೆ ಗಂಟುಗಂಟಾಗುತ್ತದೆ. ಎರಡು ತುದಿಯ ಮಾದರಿಗಳನ್ನು ಮಾತ್ರ ಮೇಜಿನ ಮೇಲೆ ಅಕ್ಕಪಕ್ಕ ಇಟ್ಟರೆ ಎರಡು ಪ್ರಭೇದ ಎಂದೇ ಹೇಳಬೇಕು. ನಡುವಿನ ಹಂತಗಳನ್ನೂ ಜೋಡಿಸಿದರೆ ಗೆರೆ ಎಳೆಯಲು ಜಾಗವೇ ಇರುವುದಿಲ್ಲ.

ಇದು ಗೊತ್ತಿಲ್ಲದ ಕಾಲದಲ್ಲಿ ಹೆಸರುಗಳ ಸುರಿಮಳೆಯೇ ಆಗಿತ್ತು. ಫಿಲಡೆಲ್ಫಿಯಾದ ಪುಸ್ತಕ ಪ್ರಕಾಶಕ ಐಸಾಕ್ ಲೀ ತಮ್ಮ ದೀರ್ಘ ಜೀವಿತದಲ್ಲಿ ಸಾವಿರಕ್ಕೂ ಹೆಚ್ಚು ಮೃದ್ವಂಗಿಗಳಿಗೆ ಹೆಸರಿಟ್ಟರು. ಫ್ರಾನ್ಸಿನಲ್ಲಿ ಬೂರ್ಗಿನ್ಯಾ ಮತ್ತು ಅವರ ಅನುಯಾಯಿಗಳು ಚಿಪ್ಪಿನ ಸಣ್ಣಸಣ್ಣ ವ್ಯತ್ಯಾಸಕ್ಕೂ ಒಂದೊಂದು ಹೆಸರು ಕೊಡುತ್ತ ಹೋದರು. ಯೂರೋಪಿನ ಕೆರೆಗಳ ಅನೊಡೊಂಟಾ ಎಂಬ ಮಾಮೂಲಿ ಕಪ್ಪೆಚಿಪ್ಪಿಗೆ ಹೀಗೆ ನೂರಾರು ಹೆಸರು ಬಿದ್ದವು. ಇಂದು ಅವೆಲ್ಲ ಬೆರಳೆಣಿಕೆಯ ಪ್ರಭೇದಗಳಿಗೆ ಇಳಿದಿವೆ.

ಅದು ಹಳೆಯ ಕಾಲದ ತಪ್ಪು ಎಂದು ತಳ್ಳಿಹಾಕುವಂತಿಲ್ಲ. ಅಮೆರಿಕದ ಅರ್ಕಾನ್ಸಾ ಸೀಮೆಯ ವಾಶಿಟಾ ನದಿಯ ಮೇಲ್ಭಾಗದಲ್ಲಿ ವಿಲ್ಲೋಸಾ ಅರ್ಕಾನ್ಸಸೆನ್ಸಿಸ್ ಎಂಬುದೂ ಕೆಳಭಾಗದಲ್ಲಿ ಒಬೊವೇರಿಯಾ ಜಾಕ್ಸೋನಿಯಾನ ಎಂಬುದೂ ಇವೆ ಎಂದು ಬಹುಕಾಲ ನಂಬಿದ್ದರು. ಪ್ರಭೇದ ಮಾತ್ರವಲ್ಲ, ಕುಲವೇ ಬೇರೆ ಎಂಬ ಲೆಕ್ಕ. 2013ರಲ್ಲಿ ಪ್ರಕಟವಾದ ವಂಶವಾಹಿ ಅಧ್ಯಯನ ಎರಡೂ ಒಂದೇ ಎಂದು ತೋರಿಸಿತು. ಹೊಳೆಯ ಮೇಲಿದ್ದದ್ದು ಒಂದು ರೂಪ ತಾಳಿತ್ತು, ಕೆಳಗಿದ್ದದ್ದು ಇನ್ನೊಂದು.

ತಪ್ಪು ಇನ್ನೊಂದು ದಿಕ್ಕಿಗೂ ಆಗುತ್ತದೆ, ನನ್ನ ಮಟ್ಟಿಗೆ ಅದೇ ಹೆಚ್ಚು ಅಪಾಯದ್ದು. ಯೂರೋಪಿನ ತುಂಬ ಹರಡಿದೆ ಎಂದುಕೊಂಡಿದ್ದ ಯೂನಿಯೋ ಕ್ರಾಸಸ್ ಎಂಬ ದಪ್ಪಚಿಪ್ಪಿನ ಕಪ್ಪೆಚಿಪ್ಪನ್ನು ಈಚೆಗೆ ವಂಶವಾಹಿಗಳ ಮೂಲಕ ನೋಡಿದಾಗ, ಆ ಒಂದು ಹೆಸರಿನಡಿ ಹತ್ತಕ್ಕೂ ಹೆಚ್ಚು ಪ್ರಭೇದಗಳು ಅಡಗಿದ್ದವು. ಖಂಡದುದ್ದಕ್ಕೂ ಇರುವ ಜೀವಿಯೊಂದು ಒಂದು ನದಿಯಲ್ಲಿ ಅಳಿದರೆ ಅಷ್ಟಾಗಿ ಯಾರೂ ಕಳವಳಪಡುವುದಿಲ್ಲ. ಅದೇ ನದಿಗೆ ಸೀಮಿತವಾದ ಪ್ರಭೇದ ಎಂದಾದರೆ ಮಾತೇ ಬೇರೆ.

ಕಿವಿರಿನಿಂದ ಕಿವಿರಿಗೆ

ಮನೆತನದ ಗುರುತಿಗಾಗಿ ಚಿಪ್ಪಿನೊಳಗೆ ಇಳಿಯೋಣ. ಕಪ್ಪೆಚಿಪ್ಪಿನ ತಾಯಿ ಮೊಟ್ಟೆಗಳನ್ನು ಇಟ್ಟುಕೊಂಡು ಸಾಕುವುದು ತನ್ನ ಕಿವಿರಿನಲ್ಲೇ. ಕೆಲವು ಗುಂಪುಗಳಲ್ಲಿ ನಾಲ್ಕೂ ಕಿವಿರುಗಳು ಬಾಣಂತಿಕೋಣೆಯಾಗುತ್ತವೆ, ಕೆಲವಲ್ಲಿ ಹೊರಗಿನ ಎರಡು, ಕೆಲವಲ್ಲಿ ಅವುಗಳ ಒಂದು ತುದಿ ಮಾತ್ರ. ಆರ್ಟ್‌ಮನ್ ಬಸುರಿ ಕಪ್ಪೆಚಿಪ್ಪುಗಳನ್ನು ತೆರೆದು ಈ ವ್ಯತ್ಯಾಸಗಳನ್ನು ದಾಖಲಿಸಿದರು. ನೀರಿನ ಸೆಳೆತ ಚಿಪ್ಪನ್ನು ತಿದ್ದಬಲ್ಲದು, ತಾಯಿ ಮೊಟ್ಟೆಯಿಡುವ ಕ್ರಮವನ್ನು ಅಷ್ಟು ಸುಲಭವಾಗಿ ತಿದ್ದಲಾರದು.

ಮೊಟ್ಟೆಯೊಡೆದು ಬರುವ ಮರಿಗೆ ವಿಜ್ಞಾನಿಗಳು ಗ್ಲೋಕಿಡಿಯಂ ಎನ್ನುತ್ತಾರೆ. ನಾವು ಕೊಂಡಿಮರಿ ಎನ್ನಬಹುದು. ಕಾಲು ಮಿಲಿಮೀಟರಿನಷ್ಟು ಗಾತ್ರ, ಎರಡು ಪುಟ್ಟ ಹೋಳು. ಮೀನಿನ ಕಿವಿರೋ ರೆಕ್ಕೆಯೋ ತಾಗಿದೊಡನೆ ಅದು ಹೋಳು ಮುಚ್ಚಿ ಕಚ್ಚಿಕೊಳ್ಳುತ್ತದೆ. ಮೀನಿನ ಚರ್ಮ ಅದರ ಸುತ್ತ ಬೆಳೆದು ಮುಚ್ಚುತ್ತದೆ. ಕೆಲವು ದಿನ ಅಥವಾ ವಾರ ಅಲ್ಲೇ ಇದ್ದು, ರೂಪಾಂತರ ಹೊಂದಿ, ಪುಟ್ಟ ಕಪ್ಪೆಚಿಪ್ಪಾಗಿ ತಳಕ್ಕೆ ಉದುರುತ್ತದೆ. ಸಿಕ್ಕಿದ ಮೀನೆಲ್ಲ ಆಗದು, ತಕ್ಕ ಮೀನೇ ಬೇಕು. ಬೇರೆ ಮೀನಾದರೆ ಅದರ ರೋಗನಿರೋಧಕ ಶಕ್ತಿ ಮರಿಯನ್ನು ಕೊಂದು ಉದುರಿಸುತ್ತದೆ. ಮೀನಿನ ಸವಾರಿಯಿಂದ ಇನ್ನೊಂದು ಲಾಭವೂ ಇದೆ: ಪ್ರವಾಹಕ್ಕೆ ಎದುರಾಗಿ ಈಜಲಾರದ ಕಪ್ಪೆಚಿಪ್ಪಿನ ಸಂತತಿ ಹೊಳೆಯ ಮೇಲ್ಭಾಗಕ್ಕೆ ಹೋಗುವುದು ಹೀಗೆಯೇ.

ಕಪ್ಪೆಚಿಪ್ಪಿಗೂ ಮೀನಿಗೂ ಇರುವ ನಂಟು ಎಷ್ಟು ಬಿಗಿ ಎಂಬುದನ್ನು ಅಮೆರಿಕದ ಎಪಿಯೊಬ್ಲಾಸ್ಮಾ ಟ್ರೈಕ್ವೆಟ್ರಾ ಎಂಬ ಪ್ರಭೇದದಲ್ಲಿ ಕಣ್ಣಾರೆ ನೋಡಬಹುದು. ನಶ್ಯದ ಡಬ್ಬಿಯ ಆಕಾರ ಕಂಡು ಅಲ್ಲಿನ ಜನ ಅದನ್ನು ಸ್ನಫ್‌ಬಾಕ್ಸ್ ಎಂದು ಕರೆದರು. ಹೊಳೆಯ ತಳದಲ್ಲಿ ಹೆಣ್ಣು ಬಾಯ್ತೆರೆದು ಕೂತಿರುತ್ತದೆ. ಲಾಗ್‌ಪರ್ಚ್ ಎಂಬ ಮೀನು ಆಹಾರ ಹುಡುಕುತ್ತ ಮೂತಿಯಿಂದ ಕಲ್ಲುಗಳನ್ನು ಮಗುಚುವ ಅಭ್ಯಾಸದ್ದು. ಅದು ಮೂತಿ ತಾಗಿಸಿದ್ದೇ ತಡ, ಕಪ್ಪೆಚಿಪ್ಪು ಹೋಳುಗಳನ್ನು ಮುಚ್ಚಿ ಮೀನಿನ ತಲೆಯನ್ನೇ ಹಿಡಿದುಬಿಡುತ್ತದೆ. ಮೀನು ಬಾಲ ಬಡಿಯುತ್ತಿರುವಾಗಲೇ ಅದರ ಕಿವಿರಿನ ಮೇಲೆ ಮರಿಗಳನ್ನು ಪಂಪು ಮಾಡಿ, ಆಮೇಲೆ ಬಿಡುತ್ತದೆ. ಲಾಗ್‌ಪರ್ಚಿನ ತಲೆಬುರುಡೆ ಗಟ್ಟಿ, ಅದು ಬದುಕಿಕೊಳ್ಳುತ್ತದೆ. ಮೆದುತಲೆಯ ಇತರ ಸಣ್ಣ ಮೀನುಗಳು ಈ ಹಿಡಿತದಲ್ಲಿ ಸತ್ತೇ ಹೋಗಬಹುದು. ಆ ಹೊಳೆಯಲ್ಲಿ ಲಾಗ್‌ಪರ್ಚ್ ಇಲ್ಲವಾದರೆ, ಕಪ್ಪೆಚಿಪ್ಪುಗಳು ಎಷ್ಟೇ ಇದ್ದರೂ ಮುಂದಿನ ತಲೆಮಾರು ಬರುವುದಿಲ್ಲ.

ಮರಿಯ ಬಗೆಯೂ ಮನೆತನದ ಗುರುತೇ. ನಮ್ಮ ಕೆರೆಗಳ ಲ್ಯಾಮೆಲಿಡೆನ್ಸ್ ಇರುವ ಯೂನಿಯೋನಿಡೇ ಕುಟುಂಬದ ಮರಿ ಕೊಂಡಿಮರಿ. ಮ್ಯಾಗ್ಡಲೀನಾದ ಅಕೋಸ್ಟೇಯಾದ ಬಳಗಕ್ಕೆ ಸೇರಿದವುಗಳ ಮರಿ ಲ್ಯಾಸಿಡಿಯಂ. ಅದಕ್ಕೆ ಎರಡು ಹೋಳಿನ ಕೊಂಡಿಯಿಲ್ಲ, ಮೀನಿಗೆ ಅಂಟುವ ಉಪಾಯವೇ ಬೇರೆ.

ಜೀವಕೋಶದೊಳಗಿನ ಸಾಕ್ಷಿ

ಜೀವಕೋಶಕ್ಕೆ ಶಕ್ತಿ ಒದಗಿಸುವ ಮೈಟೊಕಾಂಡ್ರಿಯಗಳಿಗೆ ತಮ್ಮದೇ ಆದ ಪುಟ್ಟ ಡಿಎನ್‌ಎ ಇದೆ. ಅದರಲ್ಲಿ ಕಾಲಕಾಲಕ್ಕೆ ಸಣ್ಣ ಅಕ್ಷರದೋಷಗಳು ಸೇರುತ್ತ ಹೋಗುತ್ತವೆ, ಮಕ್ಕಳಿಗೆ ಇಳಿಯುತ್ತವೆ. ಒಂದೇ ದೋಷಗಳನ್ನು ಹಂಚಿಕೊಂಡ ಎರಡು ಜೀವಿಗಳು ಹತ್ತಿರದ ನಂಟರು. ಕೆಸರಿನಲ್ಲಿದ್ದರೂ ಬಂಡೆಯ ಮೇಲಿದ್ದರೂ ಈ ದೋಷಗಳ ಪಟ್ಟಿ ಅದಕ್ಕೆ ತಕ್ಕಂತೆ ಬದಲಾಗುವುದಿಲ್ಲ. ಅದಕ್ಕೇ ಇದು ಮನೆತನದ ಗುರುತುಗಳಲ್ಲಿ ಬಹಳ ನಂಬಿಕೆಯದ್ದು.

ಕಪ್ಪೆಚಿಪ್ಪಿನಲ್ಲಿ ಮಾತ್ರ ಒಂದು ಎಚ್ಚರ ಬೇಕು. ಸಾಮಾನ್ಯವಾಗಿ ಪ್ರಾಣಿಗಳಿಗೆ ಮೈಟೊಕಾಂಡ್ರಿಯ ಬರುವುದು ತಾಯಿಯಿಂದ. ಸಿಹಿನೀರಿನ ಕಪ್ಪೆಚಿಪ್ಪಿನ ಅನೇಕ ಪ್ರಭೇದಗಳಲ್ಲಿ ಗಂಡು ಮರಿಗೆ ತಂದೆಯಿಂದಲೂ ಬರುತ್ತದೆ, ತಂದೆಯ ಪಾಲು ಬಹುತೇಕ ವೃಷಣದಲ್ಲಿ ನೆಲೆಸಿರುತ್ತದೆ. ತಾಯಿಯ ಸಾಲೂ ತಂದೆಯ ಸಾಲೂ ಎಷ್ಟು ಹಿಂದಿನಿಂದ ಬೇರೆಬೇರೆಯಾಗಿ ಸಾಗಿಬಂದಿವೆಯೆಂದರೆ, ಒಂದೇ ಗಂಡಿನ ಎರಡು ಭಾಗಗಳಿಂದ ಮಾದರಿ ತೆಗೆದರೆ ಎರಡು ದೂರದ ಜೀವಿಗಳ ಡಿಎನ್‌ಎ ಎನ್ನುವಷ್ಟು ವ್ಯತ್ಯಾಸ ಕಾಣಬಹುದು. ಅದಕ್ಕಾಗಿ ವಂಶಾವಳಿ ರಚಿಸುವವರು ಮಾದರಿಯನ್ನು ಮೈಯ ಯಾವ ಭಾಗದಿಂದ ತೆಗೆದೆವೆಂದು ಜಾಗ್ರತೆಯಾಗಿ ಬರೆದಿಟ್ಟುಕೊಳ್ಳುತ್ತಾರೆ, ಸಾಮಾನ್ಯವಾಗಿ ತಾಯಿಯ ಸಾಲನ್ನೇ ಹೋಲಿಸುತ್ತಾರೆ.

ಉತ್ತರ ಕೆರೊಲಿನಾದ ಆರ್ಥರ್ ಬೋಗನ್ ಮತ್ತು ಕೆಂಟ್ ಸ್ಟೇಟ್ ವಿಶ್ವವಿದ್ಯಾಲಯದ ವಾಲ್ಟರ್ ಹೋ ಬಂಡೆಗೆ ಅಂಟುವ ಕಪ್ಪೆಚಿಪ್ಪುಗಳ ಒಗಟನ್ನು ಈ ದಾರಿಯಿಂದ ಬಿಡಿಸಹೊರಟರು. ಅವರ ಫಲಿತಾಂಶ 2000ದಲ್ಲಿ ಹೊರಬಂತು. ಸ್ಯೂಡೊಮುಲ್ಲೇರಿಯಾ ಅಮೆರಿಕದ್ದರ ಜೊತೆಗೂ ನಿಲ್ಲಲಿಲ್ಲ, ಆಫ್ರಿಕದ್ದರ ಜೊತೆಗೂ ನಿಲ್ಲಲಿಲ್ಲ. ಅದು ಹೋಗಿ ಕೂತದ್ದು ಯೂನಿಯೋನಿಡೇ ಕುಟುಂಬದಲ್ಲಿ, ಕೆಸರಿನಲ್ಲಿ ಕಾಲೂರುವ ನಮ್ಮ ಮಾಮೂಲಿ ಕಪ್ಪೆಚಿಪ್ಪುಗಳ ಮನೆಯಲ್ಲಿ.

ಒಂದೇ ಕಸುಬು, ಬೇರೆ ಮನೆತನ

ಅಂದರೆ ನಡೆದದ್ದು ಇಷ್ಟು. ಕಲ್ಲುಹಾಸಿನ ಮೇಲೆ ನೀರು ರಭಸದಿಂದ ಹರಿಯುವಲ್ಲಿ ಕಾಲೂರಲು ಕೆಸರಿಲ್ಲ. ಆದರೆ ಅಲ್ಲಿ ಆಮ್ಲಜನಕ ಸಮೃದ್ಧ, ಆಹಾರದ ಕಣಗಳು ತಾವಾಗಿ ಬಾಯಿಗೆ ಬರುತ್ತವೆ. ಆ ಜಾಗದಲ್ಲಿ ಬದುಕಬೇಕಾದರೆ ಹಿಡಿದುಕೊಳ್ಳುವ ಉಪಾಯ ಬೇಕು. ಯಾವ ತಲೆಮಾರಿನಲ್ಲೋ ಅಂಟುವ ಗುಣ ಸ್ವಲ್ಪ ಕಾಣಿಸಿಕೊಂಡ ಮರಿಗಳು ಪ್ರವಾಹಕ್ಕೆ ಕೊಚ್ಚಿಹೋಗದೆ ಉಳಿದವು, ಆ ಗುಣ ಅವುಗಳ ಸಂತಾನದಲ್ಲಿ ಬಲಿಯಿತು. ಅಂಟಿ ಕೂತವಕ್ಕೆ ನಡೆಯುವ ಕಾಲು ಬೇಡ. ಬಂಡೆಯ ಮೇಲೆ ಮೈ ತಿರುಗಿಸಿಕೊಂಡು ಬೆಳೆಯುವಾಗ ಮುಂದಿನ ಸ್ನಾಯುವಿಗೆ ಜಾಗವೂ ಇಲ್ಲ, ಕೆಲಸವೂ ಇಲ್ಲ. ಅಳಿದ ಸ್ನಾಯು ಪೂರ್ವಜರಿಂದ ಬಂದ ಬಳುವಳಿ ಎಂದು ನಂಬಿದ್ದೆವು. ಅದು ಅಂಟಿ ಬದುಕುವ ಬಾಳ್ವೆ ಎರಡೂ ಕಡೆ ಬೇರೆಬೇರೆಯಾಗಿ ಮೂಡಿಸಿದ ಬದಲಾವಣೆ.

ಹಾಗಾಗಿ ಬಂಡೆಗೆ ಅಂಟುವ ಕಸುಬನ್ನು ಈ ಬಳಗದ ಕಪ್ಪೆಚಿಪ್ಪುಗಳು ಕನಿಷ್ಠ ಎರಡು ಸಲ ಬೇರೆಬೇರೆಯಾಗಿ ಕಲಿತಿವೆ. ಇದಕ್ಕೆ ಸಮರ್ಥನೆ ಇಂಡೊನೇಷ್ಯದಿಂದಲೂ ಬಂತು. ಸುಲಾವೆಸಿ ದ್ವೀಪದ ಪೋಸೊ ಸರೋವರದಲ್ಲಿ ಸಿಕ್ಕ ಅಂಟುವ ಚಿಪ್ಪೊಂದನ್ನು ಬೋಗನ್ ಮತ್ತು ಫಿಲಿಪ್ ಬೂಷೆ 1998ರಲ್ಲಿ ವಿವರಿಸಿದರು. ಅದು ಸಂಪೂರ್ಣ ಬೇರೆಯೇ ಆದ ಕಾರ್ಬಿಕ್ಯುಲಾ ಬಳಗದ್ದು.

ಆಫ್ರಿಕದಲ್ಲಿ ನಮ್ಮ ಕಪ್ಪೆಚಿಪ್ಪುಗಳಿಗೆ ನಂಟರೇ ಇಲ್ಲವೆಂದಲ್ಲ. ನಮ್ಮ ಲ್ಯಾಮೆಲಿಡೆನ್ಸ್, ಪಾರೇಸಿಯಾಗಳೂ ಆಫ್ರಿಕದ ಸೀಲಾಟುರಾ ಗುಂಪಿನವೂ ಹತ್ತಿರದ ಸಂಬಂಧಿಗಳೆಂದು 2011ರ ಅಧ್ಯಯನವೊಂದು ತೋರಿಸಿದೆ. ಕೆಸರಿನಲ್ಲಿ ಹೂತು, ಯಾರ ಕಣ್ಣಿಗೂ ವಿಶೇಷವಾಗಿ ಬೀಳದೆ ಇರುವ ಸಾಧಾರಣ ಚಿಪ್ಪುಗಳು ಅವು. ಕಣ್ಣು ಸೆಳೆಯುವ ಹೋಲಿಕೆ ಇದ್ದಲ್ಲಿ ನಂಟಿರಲಿಲ್ಲ, ನಂಟಿದ್ದದ್ದು ಇಂಥ ಕಡೆ.

ಹೆಸರಿಲ್ಲದಿದ್ದರೆ ರಕ್ಷಣೆಯಿಲ್ಲ

ಯಾವ ಕುಟುಂಬವಾದರೇನು, ಉಳಿಸಿದರೆ ಸಾಕಲ್ಲ ಎಂದು ಕೇಳುವವರಿದ್ದಾರೆ. ಪ್ರಶ್ನೆ ನ್ಯಾಯವಾದದ್ದೇ. ಉತ್ತರಕ್ಕೆ ಅಮೆರಿಕದತ್ತ ನೋಡಬೇಕು, ಏಕೆಂದರೆ ಜಗತ್ತಿನಲ್ಲೇ ಅತಿ ಹೆಚ್ಚು, ಸುಮಾರು 300 ಪ್ರಭೇದದ ಸಿಹಿನೀರ ಕಪ್ಪೆಚಿಪ್ಪುಗಳಿದ್ದದ್ದು ಉತ್ತರ ಅಮೆರಿಕದಲ್ಲಿ. ಅವುಗಳ ಅಳಿವನ್ನು ಹತ್ತಿರದಿಂದ ಕಂಡದ್ದೂ ಅಲ್ಲಿಯೇ.

ಅಲ್ಲಿ 1973ರ ಅಳಿವಿನಂಚಿನ ಜೀವಿಗಳ ಕಾಯ್ದೆಯಲ್ಲಿ ಒಂದು ಕಟ್ಟಳೆಯಿದೆ. ಬೆನ್ನೆಲುಬಿರುವ ಪ್ರಾಣಿಯಾದರೆ, ಒಂದು ಪ್ರದೇಶದ ಗುಂಪನ್ನಷ್ಟೇ ಪ್ರತ್ಯೇಕವಾಗಿ ಪಟ್ಟಿಗೆ ಸೇರಿಸಿ ಕಾಪಾಡಬಹುದು. ಬೆನ್ನೆಲುಬಿಲ್ಲದ ಜೀವಿಗೆ ಆ ಅವಕಾಶವಿಲ್ಲ. ಪ್ರಭೇದವೋ ಉಪಪ್ರಭೇದವೋ ಆಗಿದ್ದರೆ ಮಾತ್ರ ಕಾನೂನಿನ ರಕ್ಷಣೆ. ಕಪ್ಪೆಚಿಪ್ಪಿಗೆ ಬೆನ್ನೆಲುಬಿಲ್ಲ. ಹೀಗಾಗಿ ಒಂದು ನದಿಯ ಕಪ್ಪೆಚಿಪ್ಪನ್ನು ವರ್ಗೀಕರಣ ತಜ್ಞರು ಪ್ರಭೇದ ಎಂದರೆ ಆ ನದಿಗೆ ಅಣೆಕಟ್ಟು ಕಟ್ಟುವವರು ಉತ್ತರ ಹೇಳಬೇಕಾಗುತ್ತದೆ. ಬರೀ ಸ್ಥಳೀಯ ರೂಪಾಂತರ ಎಂದರೆ ಈ ಕಾಯ್ದೆಯಡಿ ಕೇಳುವವರಿಲ್ಲ.

ಎಪಿಯೊಬ್ಲಾಸ್ಮಾ ಟೊರುಲೋಸಾ ಎಂಬ ಹೆಸರಿನಡಿ ಮೂರು ರೂಪಗಳಿದ್ದವು. ದೊಡ್ಡ ನದಿಗಳಲ್ಲಿ ಗಂಟುಗಂಟಾದದ್ದು ಒಂದು, ಟೆನೆಸಿ ನದಿಯ ಮೇಲ್ಭಾಗದ್ದು ಇನ್ನೊಂದು, ಓಹಾಯೋ ಸೀಮೆಯ ಹೊಳೆಗಳ ನುಣುಪಾದದ್ದು ಮತ್ತೊಂದು. ಮೂರಕ್ಕೂ ಉಪಪ್ರಭೇದದ ಪಟ್ಟ ಸಿಕ್ಕಿತ್ತು, ಹಾಗಾಗಿ ಮೂರೂ ಪ್ರತ್ಯೇಕವಾಗಿ ಪಟ್ಟಿ ಸೇರಿದವು. ಮೊದಲ ಎರಡಕ್ಕೆ ಆ ಹೊತ್ತಿಗಾಗಲೇ ತಡವಾಗಿತ್ತು. 2023ರ ಅಕ್ಟೋಬರಿನಲ್ಲಿ ಅಮೆರಿಕ ಸರ್ಕಾರ ಅಳಿದುಹೋದವೆಂದು ಪಟ್ಟಿಯಿಂದ ತೆಗೆದ 21 ಜೀವಿಗಳಲ್ಲಿ 8 ಸಿಹಿನೀರಿನ ಕಪ್ಪೆಚಿಪ್ಪುಗಳು, ಈ ಎರಡೂ ಅದರಲ್ಲಿದ್ದವು. ಮೂರನೆಯದು ಪೆನ್ಸಿಲ್ವೇನಿಯಾದ ಅಲೆಗೆನಿ ನದಿಯಲ್ಲಿ ಉಳಿದುಕೊಂಡಿದೆ. ಅಲ್ಲಿ ಸೇತುವೆಯೊಂದನ್ನು ಹೊಸದಾಗಿ ಕಟ್ಟುವ ಮುನ್ನ ತಳದ ಕಪ್ಪೆಚಿಪ್ಪುಗಳನ್ನು ಆಯ್ದು ಬೇರೆ ನದಿಗಳಿಗೆ ಸಾಗಿಸಿ ಬಿಟ್ಟರು. ಈಗ ಅದನ್ನು ಎಪಿಯೊಬ್ಲಾಸ್ಮಾ ರಂಜಿಯಾನ ಎಂಬ ಸ್ವತಂತ್ರ ಪ್ರಭೇದವೆಂದೇ ಎಣಿಸುತ್ತಾರೆ. ಮೂರನ್ನೂ ಒಂದೇ ಹೆಸರಿನಡಿ ಬಿಟ್ಟಿದ್ದರೆ, ಇನ್ನೂ ಒಂದೆಡೆ ಇದೆಯಲ್ಲ ಎಂಬ ಸಮಾಧಾನದಲ್ಲಿ ಎರಡರ ಅಳಿವು ದಾಖಲೆಗೇ ಬರುತ್ತಿರಲಿಲ್ಲ.

ಇದಕ್ಕಿಂತ ದೊಡ್ಡ ಪ್ರಯೋಜನ ಇನ್ನೊಂದಿದೆ. ಮನೆತನ ಸರಿಯಾಗಿ ಗೊತ್ತಾದರೆ, ಕಣ್ಣಿಗೆ ಕಾಣದ ಸಂಗತಿಗಳನ್ನೂ ಮುಂಚೆಯೇ ಊಹಿಸಬಹುದು. ಸ್ಯೂಡೊಮುಲ್ಲೇರಿಯಾ ಅಕೋಸ್ಟೇಯಾದ ನಂಟ ಎಂದು ನಂಬಿದ್ದರೆ ಅದರ ಮರಿಯನ್ನು ಹುಡುಕುವವರು ಲ್ಯಾಸಿಡಿಯಂಗಾಗಿ ಹುಡುಕುತ್ತಿದ್ದರು. ಯೂನಿಯೋನಿಡೇ ಎಂದ ಮೇಲೆ ಹುಡುಕಬೇಕಾದ್ದು ಕೊಂಡಿಮರಿಯನ್ನು, ಅದೂ ಮೀನಿನ ಕಿವಿರು ರೆಕ್ಕೆಗಳಲ್ಲಿ. ಸಾಕಿ ಬೆಳೆಸುವುದಿರಲಿ, ಬೇರೆಡೆ ನೆಲೆಗೊಳಿಸುವುದಿರಲಿ, ಕೆಲಸ ಶುರುವಾಗುವುದು ಅಲ್ಲಿಂದಲೇ.

ತುಂಗೆ, ಭದ್ರೆಯರ ಪಾಲಿನದು

ಕುಟುಂಬ ಬದಲಾದೊಡನೆ ಸ್ಯೂಡೊಮುಲ್ಲೇರಿಯಾದ ಬೆಲೆಯೂ ಬದಲಾಯಿತು. ಮೂರು ಖಂಡಗಳಿಗೆ ಹರಡಿದ ಮನೆತನದ ಒಂದು ಕವಲು ಎಂದುಕೊಂಡಿದ್ದದ್ದು, ಆರುನೂರಕ್ಕೂ ಹೆಚ್ಚು ಪ್ರಭೇದಗಳಿರುವ ಯೂನಿಯೋನಿಡೇ ಕುಟುಂಬದಲ್ಲಿ ಬಂಡೆಗೆ ಅಂಟಿ ಬದುಕುವ ವಿಶಿಷ್ಟ ಕವಲಾಯಿತು. ಆ ಕುಲದಲ್ಲಿರುವುದು ಒಂದೇ ಪ್ರಭೇದ. ಅದಿರುವುದು ಪಶ್ಚಿಮ ಘಟ್ಟದ ಕೆಲವೇ ನದಿಗಳಲ್ಲಿ. ಇಲ್ಲಿ ಹೋದರೆ ಜಗತ್ತಿನಿಂದಲೇ ಹೋದಂತೆ. ಉಡುಪಿಯ ಪ್ರಾಣಿಶಾಸ್ತ್ರಜ್ಞ ಎನ್. ಎ. ಮಧ್ಯಸ್ಥ 2001ರಲ್ಲಿ ಇದು ಮತ್ತೆ ಕಂಡ ವರದಿಯನ್ನು ಪ್ರಕಟಿಸಿದರು. ಅಂತರರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟದ ಕೆಂಪು ಪಟ್ಟಿ ಇದನ್ನು ಅಳಿವಿನಂಚಿನ ಜೀವಿ ಎಂದು ಗುರುತಿಸಿದೆ. ಕೃಷ್ಣಾ ನದೀವ್ಯವಸ್ಥೆಗೆ ಸೀಮಿತವಾದ ಆರ್ಸಿಡಾಪ್ಸಿಸ್ ಫೂಟೈ ಎಂಬ ಇನ್ನೊಂದು ಕಪ್ಪೆಚಿಪ್ಪೂ ಅದೇ ಪಟ್ಟಿಯಲ್ಲಿದೆ.

ಅಂಟಿ ಬದುಕುವ ಜೀವಿಗೆ ಓಡಿಹೋಗುವ ದಾರಿಯಿಲ್ಲ. ಕುದುರೆಮುಖದ ಕಬ್ಬಿಣದ ಅದಿರಿನ ಗಣಿಯಿಂದ ಭದ್ರೆಗೆ ಇಳಿಯುತ್ತಿದ್ದ ಕೆಂಪು ಹೂಳನ್ನು ನೆನಪಿಸಿಕೊಳ್ಳಿ. ಸುಪ್ರೀಂ ಕೋರ್ಟಿನ ಆದೇಶದಂತೆ ಗಣಿ 2005ರ ಕೊನೆಗೆ ನಿಂತಿತು. ಕೆಸರಿನ ಕಪ್ಪೆಚಿಪ್ಪು ಹೂಳು ಬಂದರೆ ಮೇಲಕ್ಕೆ ತೆವಳಲು ಯತ್ನಿಸೀತು, ಬಂಡೆಯದು ಅಲ್ಲೇ ಹೂತುಹೋಗುತ್ತದೆ. ಅಣೆಕಟ್ಟು ಕಟ್ಟಿ ಹರಿವನ್ನು ನಿಲ್ಲಿಸಿದರೆ ಹಿನ್ನೀರಿನಲ್ಲಿ ಬಂಡೆ ಉಳಿದರೂ ಅದರ ಮೇಲೆ ಹರಿಯುವ ನೀರು ಉಳಿಯುವುದಿಲ್ಲ. ಮೀನಿಗಾಗಿ ಬಂಡೆಸಂದಿಯಲ್ಲಿ ತೋಟೆ ಸಿಡಿಸಿದರೆ ಚಿಪ್ಪಿಗೂ ಮೀನಿಗೂ ಒಂದೇ ಏಟು. ಕಪ್ಪೆಚಿಪ್ಪುಗಳು ಹಲವು ವರ್ಷ ಬದುಕುವ ಜೀವಿಗಳು. ಅಗತ್ಯವಾದ ಮೀನು ನದಿಯಿಂದ ಮರೆಯಾದ ಮೇಲೂ ಮುದಿ ಚಿಪ್ಪುಗಳು ಬಂಡೆಯ ಮೇಲೆ ಕಾಣುತ್ತಿರುತ್ತವೆ, ಎಲ್ಲ ಸರಿಯಿದೆ ಎಂಬ ಭ್ರಮೆ ಹುಟ್ಟಿಸುತ್ತವೆ. ಸಣ್ಣ ಮರಿಗಳು ಇವೆಯೇ ಎಂದು ನೋಡದ ಸಮೀಕ್ಷೆಗೆ ಅರ್ಥವಿಲ್ಲ.

ಆ ಕಾರಣಕ್ಕೆ ಶೃಂಗೇರಿಯಲ್ಲೂ ತೀರ್ಥಹಳ್ಳಿಯ ಬಳಿಯ ಚಿಪ್ಪಲಗುಡ್ಡೆಯಲ್ಲೂ ಜನ ಭಕ್ತಿಯಿಂದ ಮೀನು ಹಿಡಿಯದೆ ಕಾಪಾಡಿಕೊಂಡು ಬಂದ ಮಡುಗಳ ಬೆಲೆ ನಾವು ತಿಳಿದದ್ದಕ್ಕಿಂತ ದೊಡ್ಡದು. ಅಲ್ಲಿ ಉಳಿದಿರುವುದು ಮೀನು ಮಾತ್ರವಲ್ಲ, ಕಪ್ಪೆಚಿಪ್ಪಿನ ಮರಿಗಳಿಗೆ ಆಸರೆಯಾಗಬಲ್ಲ ಕಿವಿರುಗಳೂ ಹೌದು.

ಮುತ್ತಿನ ಕೃಷಿ ಮಾಡುವ ರೈತರಿಗೂ ಒಂದು ಮಾತು. ಲ್ಯಾಮೆಲಿಡೆನ್ಸ್, ಪಾರೇಸಿಯಾ ಕಪ್ಪೆಚಿಪ್ಪುಗಳನ್ನು ದೂರದೂರುಗಳಿಂದ ತರಿಸಿ ನಿಮ್ಮ ಹೊಂಡಗಳಲ್ಲಿ ಬಿಡುವಾಗ, ಉಳಿದವನ್ನು ಹತ್ತಿರದ ಹೊಳೆಗೆ ಸುರಿಯಬೇಡಿ. ನೋಡಲು ಒಂದೇ ಥರ ಇದ್ದರೂ ಬೇರೆ ನದಿಯ ಮನೆತನ ಬೇರೆಯೇ ಇರಬಹುದು.

ತುಂಗೆ, ಭದ್ರೆಯರ ದಡದಲ್ಲಿರುವ ಓದುಗರು ಬೇಸಿಗೆಯಲ್ಲಿ ನೀರು ಇಳಿದಾಗ ಕಲ್ಲುಹಾಸುಗಳನ್ನು ಒಮ್ಮೆ ಗಮನಿಸಿ ನೋಡಿ. ಬಂಡೆಯದೇ ಭಾಗವೆಂಬಂತೆ ಒರಟಾಗಿ ಅಂಟಿಕೊಂಡ ಚಿಪ್ಪು ಕಂಡರೆ ಕೀಳಬೇಡಿ, ಕಿತ್ತರೆ ಚಿಪ್ಪು ಒಡೆದು ಪ್ರಾಣಿ ಸಾಯುತ್ತದೆ. ಪಕ್ಕದಲ್ಲಿ ಒಂದು ನಾಣ್ಯವಿಟ್ಟು ಫೋಟೋ ತೆಗೆಯಿರಿ, ಜಾಗ ಮತ್ತು ದಿನಾಂಕ ಬರೆದಿಡಿ, ಹತ್ತಿರದ ಕಾಲೇಜಿನ ಪ್ರಾಣಿಶಾಸ್ತ್ರ ವಿಭಾಗಕ್ಕೆ ತಲುಪಿಸಿ.